ಒಂದೇ ಕೂಗು, ಎರಡು ಮಾತು

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ ಕತ್ತಲಾದರೆ ಸಾಕು, 'ಕೊ-ಕೀ, ಕೊ-ಕೀ' ಎಂಬ ಕೂಗು ಶುರು. ಕೂಗುವುದು ಗಂಡು ಮರಗಪ್ಪೆ. ಕೂಗಿನಿಂದಲೇ ಅದಕ್ಕೆ ಕೊಕೀ ಎಂಬ ಹೆಸರು.

ಪೀಟರ್ ನಾರಿನ್ಸ್, ರಾಬರ್ಟ್ ಕ್ಯಾಪ್ರಾನಿಕಾ ಎಂಬ ವಿಜ್ಞಾನಿಗಳು ಈ ಕೂಗಿನ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಕಪ್ಪೆಗಳಿಗೇ ಕೇಳಿಸಿದರು. 1976ರಲ್ಲಿ ಗುಟ್ಟು ಹೊರಬಿತ್ತು. 'ಕೊ' ಅಂದರೆ ಬೇರೆ ಗಂಡುಗಳಿಗೆ, 'ಇದು ನನ್ನ ಜಾಗ, ದೂರ ಇರು.' 'ಕೀ' ಅಂದರೆ ಹೆಣ್ಣಿಗೆ, 'ಇಲ್ಲಿದ್ದೇನೆ, ಬಾ.'

ನಾರಿನ್ಸ್ 1983ರಲ್ಲಿ ಅಲ್ಲಿನ ಬೆಟ್ಟದ ಕೂಗುಗಳನ್ನು ರೆಕಾರ್ಡ್ ಮಾಡಿದ್ದರು. 23 ವರ್ಷದ ನಂತರ ಅದೇ ಬೆಟ್ಟಕ್ಕೆ ಹೋದರೆ ಕಪ್ಪೆಗಳ ಮೈ ಸಣ್ಣದಾಗಿತ್ತು, ಕೂಗು ಗಿಡ್ಡವಾಗಿ ಕೀರಲಾಗಿತ್ತು. ವಾತಾವರಣ ಬಿಸಿಯಾಗಿದ್ದಕ್ಕೂ ಇದಕ್ಕೂ ತಾಳೆಯಾಗುತ್ತಿತ್ತು.

ಕೂಗು ಹೀಗೇ ಬದಲಾಗುತ್ತಾ ಹೋಗಿ, ಹೆಣ್ಣಿನ ಕಿವಿ ಮಾತ್ರ ಹಾಗೇ ಉಳಿದರೆ? ಕರೆಯುವವನಿರುತ್ತಾನೆ, ಓಗೊಡುವವಳಿರುವುದಿಲ್ಲ.