ಬ್ಯಾಲೆ ಪುನಾರಚನೆ

ಹತ್ತೊಂಬತ್ತನೆಯ ಶತಮಾನದ ಬ್ಯಾಲೆ ಕೃತಿಗಳ ನೃತ್ಯ, ಮೂಕಾಭಿನಯ, ವೇಷಭೂಷಣ ಮತ್ತು ರಂಗಸಜ್ಜಿಕೆಗಳನ್ನು ಹಳೆಯ ದಾಖಲೆಗಳ ಆಧಾರದಿಂದ ಮತ್ತೆ ಕಟ್ಟುವ ಕೆಲಸ. ಹಳೆಯ ಕಥೆಯನ್ನು ಇಂದಿನ ಪರಿಸರದಲ್ಲಿಟ್ಟು ನೃತ್ಯವನ್ನು ಹೊಸದಾಗಿ ಸಂಯೋಜಿಸುವುದು ಇದಕ್ಕೆ ಎದುರಾದ ಮಾರ್ಗ. ಬ್ಯಾಲೆ ಬಹುಮಟ್ಟಿಗೆ ಹಿರಿಯ ನರ್ತಕರಿಂದ ಕಿರಿಯರಿಗೆ ಹೇಳಿಕೊಟ್ಟು ಬಂದ ಕಲೆಯಾದ್ದರಿಂದ, ಪರಂಪರೆಯೆಂದು ಕರೆಯುವ ಪ್ರದರ್ಶನಗಳಲ್ಲೂ ತಲೆಮಾರಿನಿಂದ ತಲೆಮಾರಿಗೆ ಬದಲಾವಣೆಗಳು ಸೇರಿಕೊಂಡಿವೆ.

ದಾಖಲೆಗಳು: ವ್ಲಾದಿಮಿರ್ ಸ್ತೆಪಾನೊವ್ 1892ರಲ್ಲಿ ಪ್ರಕಟಿಸಿದ ಲಿಪಿ ನೃತ್ಯವನ್ನು ಸಂಗೀತದ ಸ್ವರಚಿಹ್ನೆಗಳ ಮಾದರಿಯಲ್ಲಿ ಬರೆದಿಡುತ್ತದೆ. ಒಂಬತ್ತು ಗೆರೆಗಳ ಪಟ್ಟಿಯಲ್ಲಿ ಮೇಲಿನ ಎರಡು ತಲೆ-ಮುಂಡಕ್ಕೆ, ನಡುವಿನ ಮೂರು ತೋಳುಗಳಿಗೆ, ಕೆಳಗಿನ ನಾಲ್ಕು ಕಾಲುಗಳಿಗೆ ಮೀಸಲು. ಸೇಂಟ್ ಪೀಟರ್ಸ್‌ಬರ್ಗಿನ ಮಾರಿಯಿನ್‌ಸ್ಕಿ ರಂಗಮಂದಿರದ ಅನೇಕ ಕೃತಿಗಳನ್ನು ಹೀಗೆ ಬರೆದಿಡಲಾಯಿತು. ಕ್ರಾಂತಿಯ ನಂತರ ನಿಕೊಲಾಯ್ ಸೆರ್ಗೆಯೆವ್ ಈ ಹಸ್ತಪ್ರತಿಗಳೊಂದಿಗೆ ರಷ್ಯಾ ಬಿಟ್ಟರು. ಅವುಗಳ ನೆರವಿನಿಂದ ಲಂಡನ್ನಿನಲ್ಲಿ 1934ರಲ್ಲಿ 'ಜಿಸೆಲ್', 'ಸ್ವಾನ್ ಲೇಕ್' ರಂಗವೇರಿದವು. ಹಸ್ತಪ್ರತಿಗಳು ಈಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ.

ಪುನಾರಚನೆಗಳು: ಮಾರಿಯಸ್ ಪೆಟಿಪಾ ಚೈಕೊವ್‌ಸ್ಕಿಯ ಸಂಗೀತಕ್ಕೆ ಸಂಯೋಜಿಸಿದ 'ಸ್ಲೀಪಿಂಗ್ ಬ್ಯೂಟಿ' ಮೊದಲು ಪ್ರದರ್ಶನಗೊಂಡದ್ದು 1890ರಲ್ಲಿ. ಮಾರಿಯಿನ್‌ಸ್ಕಿಯಲ್ಲಿ ಚಲಾವಣೆಯಲ್ಲಿದ್ದದ್ದು ಕಾನ್ಸ್ಟಂಟಿನ್ ಸೆರ್ಗೆಯೆವ್ 1952ರಲ್ಲಿ ಪರಿಷ್ಕರಿಸಿದ ರೂಪ. ಸೆರ್ಗೆಯ್ ವಿಖಾರೆವ್ 1999ರಲ್ಲಿ ಅಲ್ಲಿಯೇ 1890ರ ರೂಪವನ್ನು ಪುನಾರಚಿಸಿದರು. 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ಗಾಗಿ ಇದೇ ಕೃತಿಯನ್ನು ಕೈಗೆತ್ತಿಕೊಂಡ ಅಲೆಕ್ಸೈ ರಾಟ್‌ಮಾನ್‌ಸ್ಕಿ, ಹಳೆಯ ಶೈಲಿಗೂ ಒತ್ತುಕೊಟ್ಟರು. ಕಿವಿಯ ಮಟ್ಟಕ್ಕೆ ಕಾಲೆತ್ತುವ ಇಂದಿನ ರೂಢಿ ಬಿಟ್ಟು ನರ್ತಕಿಯರು ಕಾಲನ್ನು ತಗ್ಗಿನಲ್ಲೇ ನಿಲ್ಲಿಸಿದರು. ಆಗ ಬೆರಗಿಗಿಂತ ಲಾಲಿತ್ಯ ಎದ್ದುಕಂಡಿತು.

ಆಧುನಿಕ ರೂಪಗಳು: ಮಾಟ್ಸ್ ಎಕ್ 1982ರ 'ಜಿಸೆಲ್'ನ ಎರಡನೆಯ ಅಂಕವನ್ನು ಸ್ಮಶಾನದಿಂದ ಮನೋರೋಗಿಗಳ ಆಸ್ಪತ್ರೆಗೆ ಸಾಗಿಸಿದರು. ಮ್ಯಾಥ್ಯೂ ಬೋರ್ನ್ 1995ರ 'ಸ್ವಾನ್ ಲೇಕ್'ನಲ್ಲಿ ಹಂಸಗಳ ಪಾತ್ರವನ್ನು ಪುರುಷರಿಗೆ ಕೊಟ್ಟರು. ಅಕ್ರಂ ಖಾನ್ 2016ರಲ್ಲಿ ಜಿಸೆಲ್‌ಳನ್ನು ಉಡುಪು ಕಾರ್ಖಾನೆಯ ವಲಸೆ ಕಾರ್ಮಿಕರ ನಡುವೆ ನಿಲ್ಲಿಸಿದರು.

ಮೌಲ್ಯ ಮತ್ತು ಮಿತಿ: ಹಸ್ತಪ್ರತಿಗಳಲ್ಲಿ ಎಷ್ಟೋ ಕಡೆ ಕಾಲಿನ ಚಲನೆ ಮಾತ್ರ ದಾಖಲಾಗಿದ್ದು, ತೋಳು-ತಲೆಗಳ ಗೆರೆಗಳು ಖಾಲಿಯಿವೆ. ಅಲ್ಲಿ ಪುನಾರಚಕರು ಛಾಯಾಚಿತ್ರ, ರೇಖಾಚಿತ್ರ ಮತ್ತು ತಮ್ಮ ಅನುಭವವನ್ನು ನಂಬಬೇಕಾಗುತ್ತದೆ. ಆದ್ದರಿಂದ ಪುನಾರಚನೆಯೂ ಒಂದು ವ್ಯಾಖ್ಯಾನವೇ. ಆದರೂ ಅದರ ಮೌಲ್ಯ ದೊಡ್ಡದು: 'ಸ್ವಾನ್ ಲೇಕ್'ನಲ್ಲಿ ಒಡೆಟ್ ತನ್ನ ತಾಯಿಯ ಕಣ್ಣೀರೇ ಸರೋವರವಾಯಿತೆಂದು ಕೈಸನ್ನೆಯಲ್ಲಿ ಹೇಳುವ ಭಾಗ ಸೋವಿಯತ್ ರೂಪಗಳಲ್ಲಿ ಬಿಟ್ಟುಹೋಗಿತ್ತು. ಅದು ಮರಳಿದಾಗ ಪ್ರೇಕ್ಷಕರಿಗೆ ಸಿಗುವುದು ಒಂದು ಪುರಾತನ ಭಂಗಿಯಷ್ಟೇ ಅಲ್ಲ, ಆ ಪಾತ್ರದ ದುಃಖದ ಕಾರಣ.