ದೇವದರ್ಶನ: ಬೈಬಲ್‌ನಲ್ಲಿ ವಿರೋಧಾಭಾಸವೇ?

ಅರಸೀಕೆರೆಯ ಕ್ರೈಸ್ತ ನೆರೆಯವರು ಓದುವ ಕನ್ನಡ ಬೈಬಲ್‌ನ ಚರಿತ್ರೆ ಬಳ್ಳಾರಿಯಲ್ಲಿ ಆರಂಭವಾಗುತ್ತದೆ; ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಸುಮಾರಿಗೆ ಅದು ಪೂರ್ಣವಾಗಿ ಮುದ್ರಿತವಾಯಿತು. ಅದರಲ್ಲಿ ಒಂದು ಹಳೆಯ ಪ್ರಶ್ನೆಯಿದೆ. ಉಜ್ಜೀಯ ರಾಜನು ಮೃತನಾದ ವರ್ಷ ತಾನು ಕರ್ತನನ್ನು ಸಿಂಹಾಸನದಲ್ಲಿ ಕಂಡುದಾಗಿ ಯೆಶಾಯನು ಹೇಳುತ್ತಾನೆ (6:1). ದೇವರನ್ನು ಯಾರೂ ಎಂದೂ ಕಂಡಿಲ್ಲವೆಂದು ಯೋಹಾನನ ಸುವಾರ್ತೆ ಸಾರುತ್ತದೆ (1:18). ಯೆಹೆಜ್ಕೇಲನಾದರೋ ತಾನು ಕಂಡದ್ದು ದೈವಮಹಿಮೆಯ ಹೋಲಿಕೆಯೆಂದು ಎಚ್ಚರದಿಂದ ನುಡಿಯುತ್ತಾನೆ (1:28). ಕಂಡದ್ದು ಮಹಿಮೆ, ಸತ್ವವಲ್ಲ ಎಂಬುದೇ ಅನೇಕ ಕ್ರೈಸ್ತ ವಿದ್ವಾಂಸರ ಉತ್ತರ.

ದರ್ಶನ ಬೇಡಿದ ಪ್ರವಾದಿ ಮೂಸಾ(ಅ)ರಿಗೆ ಅದು ದೊರೆಯಲಿಲ್ಲವೆಂದು ಕುರ್‌ಆನ್ ತಿಳಿಸುತ್ತದೆ (7:143). ಪ್ರವಾದಿ(ಸ)ರು ಮಿಅ್‌ರಾಜ್‌ನಲ್ಲಿ ಅಲ್ಲಾಹನನ್ನು ಕಂಡರೇ ಎಂಬ ಬಗ್ಗೆ ಹ. ಆಯಿಶಾ(ರ) ಮತ್ತು ಹ. ಇಬ್ನು ಅಬ್ಬಾಸ್(ರ)ರ ಅಭಿಪ್ರಾಯಗಳೂ ಭಿನ್ನವಾಗಿದ್ದವು. ಆದ್ದರಿಂದ ನೆರೆಯವರೊಡನೆ ಈ ಚರ್ಚೆ ಬಂದಾಗ ಗೆಲ್ಲುವ ಆತುರ ಬೇಡ. ಗ್ರಂಥದವರೊಡನೆ ಉತ್ತಮ ರೀತಿಯಲ್ಲೇ ಸಂವಾದಿಸಬೇಕೆಂಬುದು ಕುರ್‌ಆನಿನ ಆದೇಶ (29:46).