ಮುಂಬಯಿ ನಗರಮಧ್ಯದ ಚಾಳುಗಳು: ಬಾಡಿಗೆ ನಿಯಂತ್ರಣ ಮತ್ತು ದುರಸ್ತಿಯ ಹೊಣೆ

ನಗರದ ನಡುಭಾಗದಲ್ಲಿ ಅಲ್ಪ ಆದಾಯದವರ ವಸತಿಯನ್ನು ಉಳಿಸಬೇಕಾದರೆ ಬಾಡಿಗೆ ಕೈಗೆಟಕುವಂತಿರಬೇಕು, ಮನೆಯೂ ವಾಸಯೋಗ್ಯವಾಗಿರಬೇಕು. ಮುಂಬಯಿಯ ಇತಿಹಾಸದಲ್ಲಿ ಈ ಎರಡು ಅಗತ್ಯಗಳು ಬೇರೆ ಬೇರೆ ದಾರಿ ಹಿಡಿದುದನ್ನು ಕಾಣುತ್ತೇವೆ. ಹೀಗಾದುದರ ಕಾರಣಗಳನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1896ರ ಪ್ಲೇಗಿನ ತರುವಾಯ, 1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಇಕ್ಕಟ್ಟಾದ ಕೇರಿಗಳನ್ನು ತೆರವುಗೊಳಿಸಿ ಅಗಲವಾದ ರಸ್ತೆಗಳನ್ನು ನಿರ್ಮಿಸುವುದು, ನಿರಾಶ್ರಿತರಾದವರಿಗೆ ಚಾಳುಗಳನ್ನು ಕಟ್ಟಿಕೊಡುವುದು ಅದರ ಕಾರ್ಯವಾಗಿತ್ತು. ಆದರೆ ಆರಂಭದ ವರ್ಷಗಳಲ್ಲಿ ಕೆಡವಿದ ಖೋಲಿಗಳ ಸಂಖ್ಯೆಗೆ ಕಟ್ಟಿದ ಖೋಲಿಗಳು ಸಾಟಿಯಾಗಲಿಲ್ಲ. 1920ರಲ್ಲಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ ರಚಿತವಾದ ಅಭಿವೃದ್ಧಿ ಇಲಾಖೆಯು ವರ್ಳಿ, ನಾಯಗಾಂವ್, ಡಿಲೈಲ್ ರಸ್ತೆ ಮತ್ತು ಶಿವಡಿಗಳಲ್ಲಿ ಒಟ್ಟು 207 ಚಾಳುಗಳನ್ನು ನಿರ್ಮಿಸಿತು. ಪ್ರತಿಯೊಂದು ಚಾಳಿನಲ್ಲಿ ನಾಲ್ಕು ಅಂತಸ್ತು, 80 ಖೋಲಿ, ಪ್ರತಿ ಖೋಲಿಗೆ ಸುಮಾರು 160 ಚದರ ಅಡಿ, ಶೌಚಾಲಯಗಳು ಸಾಮೂಹಿಕ. ಇಷ್ಟಾಗಿಯೂ ವರ್ಳಿಯ ಅನೇಕ ಖೋಲಿಗಳು ಮೊದಲಲ್ಲಿ ಖಾಲಿಯಾಗಿಯೇ ಉಳಿದವು. ಬಾಡಿಗೆ ಮತ್ತು ದುಡಿಮೆಯ ಸ್ಥಳದ ಸಾಮೀಪ್ಯಗಳು ಹೊಂದಿಕೊಳ್ಳದಿದ್ದರೆ ಹೊಸ ಕಟ್ಟಡವೂ ಬಡವರ ಮನೆಯಾಗದು ಎಂಬುದಕ್ಕೆ ಇದು ನಿದರ್ಶನ.

ಸಾಮೀಪ್ಯದ ಮಹತ್ವವನ್ನು ಮುಂಬಯಿ ಕನ್ನಡಿಗರ ಬದುಕಿನಲ್ಲಿಯೂ ಕಾಣಬಹುದು. ದಕ್ಷಿಣ ಕನ್ನಡದಿಂದ ವಲಸೆ ಬಂದ ಎಷ್ಟೋ ಯುವಕರು ಹಗಲು ಹೋಟೆಲು, ಕಚೇರಿಗಳಲ್ಲಿ ದುಡಿದು, ಇಳಿಹೊತ್ತಿನ ಮೇಲೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ದುಡಿಮೆ, ಓದು, ಬಿಡಾರಗಳು ಹತ್ತಿರ ಹತ್ತಿರವಿದ್ದುದರಿಂದಲೇ ಇದು ಸಾಧ್ಯವಾಯಿತು. ನಗರಮಧ್ಯದ ಅಗ್ಗದ ಖೋಲಿ ಅವರಿಗೆ ಕೇವಲ ಆಶ್ರಯವಾಗಿರದೆ ವಿದ್ಯೆಯ ಮೆಟ್ಟಿಲೂ ಆಗಿತ್ತು.

1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನು ಪ್ರಮಾಣವಾಗಿ ಇರಿಸಿಕೊಂಡು ಬಾಡಿಗೆದಾರರಿಗೆ ರಕ್ಷಣೆ ನೀಡಿತು. ಯುದ್ಧೋತ್ತರ ಅಭಾವದ ದಿನಗಳಲ್ಲಿ ಲಕ್ಷಾಂತರ ಜನ ನಗರದಲ್ಲಿ ನೆಲೆಯೂರಲು ಇದು ಆಧಾರವಾಯಿತು. ಬೆಲೆಗಳು ಏರುತ್ತ ಹೋದರೂ ಬಾಡಿಗೆ ಸ್ಥಗಿತಗೊಂಡಿತು. ಬಂದ ಬಾಡಿಗೆ ದುರಸ್ತಿಗೆ ಸಾಲದಾದಾಗ ಮಾಲೀಕರು ಕಟ್ಟಡದತ್ತ ತಿರುಗಿ ನೋಡಲಿಲ್ಲ. ಕಾಯಿದೆ ನಿಷೇಧಿಸಿದ್ದರೂ 'ಪಗಡಿ' ಎಂಬ ಗುಪ್ತ ಹಣದ ವ್ಯವಹಾರ ಬೆಳೆಯಿತು. ಖೋಲಿಯ ಹಕ್ಕಿನ ಬೆಲೆ ಏರಿತು, ಆದರೆ ಆ ಹಣ ಗೋಡೆಯ ಗಾರೆಗೆ ತಲುಪಲಿಲ್ಲ.

ಈ ಕೊರತೆಯನ್ನು ತುಂಬಲು 1969ರ ಕಾಯಿದೆಯ ಮೂಲಕ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿ ಸ್ಥಾಪಿತವಾಯಿತು. ದ್ವೀಪನಗರದ ಹತ್ತೊಂಬತ್ತು ಸಾವಿರಕ್ಕೂ ಮಿಕ್ಕಿದ ಹಳೆಯ ಕಟ್ಟಡಗಳ ಮೇಲೆ ಉಪಕರ ವಿಧಿಸಿ, ಆ ನಿಧಿಯಿಂದ ದುರಸ್ತಿ ಕೈಗೊಳ್ಳುವುದು ಇದರ ಕ್ರಮ. ದುರಸ್ತಿಯು ಖಾಸಗಿ ಮಾಲೀಕನೊಬ್ಬನ ಹೊಣೆಯಲ್ಲ, ಸಾರ್ವಜನಿಕ ಕರ್ತವ್ಯವೂ ಹೌದೆಂದು ಒಪ್ಪಿಕೊಂಡುದು ಇದರ ಹೆಚ್ಚುಗಾರಿಕೆ. ಆದರೆ ಉಪಕರವನ್ನು ಲೆಕ್ಕಹಾಕುತ್ತಿದ್ದುದು ಬಾಡಿಗೆಯನ್ನು ಆಧರಿಸಿದ ಮೌಲ್ಯದ ಮೇಲೆ. ಸ್ಥಗಿತಗೊಂಡ ಬಾಡಿಗೆಯ ದೌರ್ಬಲ್ಯ ಇಲ್ಲಿಗೂ ಹರಿದು ಬಂದಿತು.

1986ರಲ್ಲಿ ಮತ್ತೊಂದು ಮಾರ್ಗವನ್ನು ತೆರೆಯಲಾಯಿತು. ಶೇಕಡಾ 70ರಷ್ಟು ನಿವಾಸಿಗಳ ಸಹಕಾರ ಸಂಘವು ಕೋರಿದಲ್ಲಿ, ತಿಂಗಳ ಬಾಡಿಗೆಯ ನೂರರಷ್ಟು ಹಣ ತೆತ್ತು ಸರ್ಕಾರವು ಕಟ್ಟಡವನ್ನು ಸ್ವಾಧೀನಪಡಿಸಿಕೊಂಡು ಅವರಿಗೆ ವಹಿಸಬಹುದಾಗಿತ್ತು. ಮಾಲೀಕರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ದಶಕಗಳ ಕಾಲ ನಡೆದ ಈ ವ್ಯಾಜ್ಯದಿಂದ ಉದ್ಭವಿಸಿದ ಪ್ರಶ್ನೆಗೆ 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಉತ್ತರ ನೀಡಿತು. ಎಲ್ಲ ಖಾಸಗಿ ಆಸ್ತಿಯೂ ಸಂವಿಧಾನದ 39ನೆಯ ಅನುಚ್ಛೇದ ಹೇಳುವ ಸಮುದಾಯದ ಭೌತಿಕ ಸಂಪನ್ಮೂಲವಾಗದು ಎಂಬುದು ಬಹುಮತದ ತೀರ್ಪು.

ಈ ನಡುವೆ 1991ರ ಅಭಿವೃದ್ಧಿ ನಿಯಮಗಳು ಹೊರೆಯನ್ನು ನೆಲದ ಬೆಲೆಯ ಮೇಲೆ ವರ್ಗಾಯಿಸಿದವು. ನಿವೇಶನದಲ್ಲಿ ಹೆಚ್ಚುವರಿಯಾಗಿ ಕಟ್ಟಲು ಅನುಮತಿ ಪಡೆದ ನಿರ್ಮಾಣಕಾರರು ಹಳೆಯ ಬಾಡಿಗೆದಾರರಿಗೆ ಅಲ್ಲಿಯೇ ಉಚಿತ ಮನೆ ಕೊಟ್ಟು, ಉಳಿದುದನ್ನು ಮಾರಬಹುದಾಯಿತು. ಮಾರಾಟದ ಲಾಭ ಖಚಿತವಿರುವಲ್ಲಿ ಕೆಲಸ ಬೇಗ ಸಾಗುತ್ತದೆ; ಇಲ್ಲದಲ್ಲಿ ಚಾಳು ಶಿಥಿಲವಾಗುತ್ತಲೇ ಇರುತ್ತದೆ. 2017ರ ಆಗಸ್ಟ್ 31ರಂದು ಭೆಂಡಿ ಬಜಾರ್ ಪ್ರದೇಶದಲ್ಲಿ ಹಳೆಯ ಕಟ್ಟಡವೊಂದು ಕುಸಿದು ಮೂವತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಪುನರ್ವಿಕಾಸಕ್ಕೆಂದು ಗುರುತಿಸಲಾಗಿದ್ದ ಕಟ್ಟಡವದು. ಯೋಜನೆಯ ಘೋಷಣೆಗೂ ಸುರಕ್ಷಿತ ವಸತಿಗೂ ನಡುವಿನ ಅವಧಿಯೇ ಅಪಾಯಕಾರಿ ಎಂಬುದನ್ನು ಈ ದುರಂತ ತೋರಿಸಿತು. ವರ್ಳಿಯ ಸರ್ಕಾರಿ ಚಾಳುಗಳ ಮೊದಲ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಗಳು ದೊರೆತುದು 2025ರ ಆಗಸ್ಟಿನಲ್ಲಿ.

ಒಟ್ಟಿನಲ್ಲಿ, ಬಾಡಿಗೆಯನ್ನು ಹಿಡಿದಿಟ್ಟ ಕಾನೂನು ಜನರನ್ನು ನಗರಮಧ್ಯದಲ್ಲಿ ಉಳಿಸಿತು, ಆದರೆ ಕಟ್ಟಡವನ್ನು ಉಳಿಸುವ ಹಣ ಯಾರದೆಂಬುದನ್ನು ಇತ್ಯರ್ಥಪಡಿಸಲಿಲ್ಲ. ನಂತರದ ಕ್ರಮಗಳೆಲ್ಲ ಆ ಒಂದು ಪ್ರಶ್ನೆಗೆ ನೀಡಿದ ಅಪೂರ್ಣ ಉತ್ತರಗಳು. ಹೊಸ ಗೋಪುರಗಳಲ್ಲಿಯೂ ಲಿಫ್ಟು, ನೀರಿನ ಪಂಪುಗಳ ನಿರ್ವಹಣಾ ವೆಚ್ಚ ತಿಂಗಳು ತಿಂಗಳೂ ಇರುವುದರಿಂದ ಆ ಪ್ರಶ್ನೆ ರೂಪಾಂತರಗೊಂಡು ಮುಂದುವರಿಯುತ್ತದೆ. ವಸತಿ ನೀತಿಯ ಯಶಸ್ಸನ್ನು ಕಟ್ಟಿದ ಅಂತಸ್ತುಗಳಿಂದ ಅಳೆಯುವುದು ಸಾಲದು. ಹಳೆಯ ನಿವಾಸಿಯ ಮಕ್ಕಳು ಅದೇ ಜಾಗದಲ್ಲಿ ಬಾಳಬಲ್ಲರೇ ಎಂಬುದರಿಂದ ಅಳೆಯಬೇಕಾಗುತ್ತದೆ.